ಕ್ಲಿಪ್ಪಿಗೆ ಸಿಕ್ಕಿಸಿದ ಕೆಮ್ಮು

ಕಳೆದ ಆದಿತ್ಯವಾರ ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟಿದ್ದನ್ನು ಕಂಡು ಅದಕ್ಕೆ ಅರ್ಧ ಬಾಟಲಿ ವಿನೆಗರ್ ಸುರಿದು ಕುದಿಯಲಿಕ್ಕೆ ಇಟ್ಟೆ. ಐರೋಲಿಯ ಈ ಮನೆಯ ಅಡುಗೆಕೋಣೆ ಸಣ್ಣದು, ಕಿಟಕಿ ಇನ್ನೂ ಸಣ್ಣದು. ಹುಳಿ ಹಬೆ ಎದ್ದು ಮೂಗಿಗೆ ಹೊಡೆದದ್ದೇ ತಡ, ನನ್ನ ಕೈ ತನ್ನಷ್ಟಕ್ಕೇ ಹೋಗಿ ಸ್ವಿಚ್ ಆಫ್ ಮಾಡಿತು. ಹೊರಗಿನಿಂದ ಮಗಳು “ಕ್ಯಾ ಹುವಾ ಮಮ್ಮಿ?” ಎಂದಳು. ಏನಿಲ್ಲ ಎಂದೆ. ಅದು ನನಗೆ ವಿನೆಗರ್ ವಾಸನೆಯಲ್ಲ, ಡೊಂಬಿವಲಿಯ ಕಾಕಾನ ಡಬ್ಬಿಯ ವಾಸನೆ ಎಂದು ಅವಳಿಗೆ ಎಲ್ಲಿಂದ ಶುರು ಮಾಡಿ ಹೇಳುವುದು...

ಕಾಕಾ ನಮ್ಮ ಸಂಬಂಧಿಕರೇನಲ್ಲ. ಡೊಂಬಿವಲಿ ಪೂರ್ವದಲ್ಲಿ ನಾವು ಹದಿನೈದು ವರ್ಷ ಇದ್ದ ಕಟ್ಟಡದಲ್ಲಿ ಮಗ್ಗುಲ ಮನೆಯವರು. ಅವರು ಧಾರವಾಡದ ಕಡೆಯವರು, ನಾವು ಕುಂದಾಪುರದ ಕಡೆಯವರು. ನನ್ನ ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ನಾನು ಠಾಣೆ ಶಹರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಮ್ಮ “ಉಂಟು” ಕೇಳಿ ಕಾಕಾ ನಗುತ್ತಿದ್ದರು, ಅವರ “ಹೌದಲ್ಲೇನು” ಕೇಳಿ ನಾವು ನಗುತ್ತಿದ್ದೆವು. ಆದರೂ ಪೂರಾ ಮರಾಠಿ ಕಟ್ಟಡದಲ್ಲಿ ಕನ್ನಡ ಮಾತಾಡುವ ಬಾಗಿಲು ಎರಡೇ ಎರಡು ಇದ್ದದ್ದರಿಂದ ಸಾರು ಪಲ್ಯದ ಪಾತ್ರೆ ಅತ್ತಿತ್ತ ಓಡಾಡುತ್ತಿತ್ತು. ಅವರ ಹೆಂಡತಿ ತೀರಿಹೋಗಿ ಆಗಲೇ ಬಹಳ ವರ್ಷ ಆಗಿತ್ತು. ಮಗಳನ್ನು ಪುಣೆಗೆ ಕೊಟ್ಟಿದ್ದರು.

ಎರಡೂ ಮನೆಗೆ ನಡುವೆ ಒಂದೇ ಗೋಡೆ. ಆದಿತ್ಯವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಆ ಗೋಡೆಯ ಆಚೆ ಶುರುವಾಗುತ್ತಿತ್ತು. ಮೊದಲು ಕುಂಯ್ ಎಂದು ಒಂದು ಸೀಟಿ, ಏರುತ್ತ ಏರುತ್ತ ಕಿವಿಯಲ್ಲಿ ಸೂಜಿ ಚುಚ್ಚುವವರೆಗೆ. ಆಮೇಲೆ ಗುಡುಗುಡು. ಆಮೇಲೆ ಯಾರೋ ಮಾತನ್ನು ಹಿಂದಿನಿಂದ ಮುಂದಕ್ಕೆ ಆಡಿದ ಹಾಗೆ. ನನ್ನ ಗಂಡ “ಕಾಕಾನ ಮಿಕ್ಸಿ ಶುರುವಾಯ್ತು ನೋಡು” ಎಂದು ದಿಂಬು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ಅಲ್ಲಿ ದೆವ್ವ ಇದೆಯೆಂದೇ ನಂಬಿ, ಮೆಟ್ಟಿಲು ಹತ್ತುವಾಗ ಅವರ ಬಾಗಿಲ ಕಡೆ ನೋಡುತ್ತಿರಲಿಲ್ಲ.

ನನಗೆ ಸಿಟ್ಟು ಬೇಗ. ವಾರದ ಆರು ದಿನ ಲೋಕಲಿನಲ್ಲಿ ಜಜ್ಜಿಸಿಕೊಂಡು ಬಂದವಳಿಗೆ ಏಳನೇ ದಿನ ಒಂದು ಗಳಿಗೆ ಕಣ್ಣು ಮುಚ್ಚಲಿಕ್ಕೂ ಇಲ್ಲವಾ ಎಂದು ಒಂದು ಆದಿತ್ಯವಾರ ಹೋಗಿ ಬಾಗಿಲು ಬಡಿದೆ.

“ಕಾಕಾ, ಇದು ಸಂಗೀತವಾ, ರಿಪೇರಿಯಾ?”

“ಎರಡೂ ಹೌದವಾ. ಬಾ, ಕೂಡು,” ಎಂದರು.

ಒಳಗೆ ಮಂಚವೊಂದು ಬಿಟ್ಟರೆ ಉಳಿದದ್ದೆಲ್ಲ ಯಂತ್ರವೇ. ಊಟದ ತಟ್ಟೆಯಷ್ಟು ಅಗಲದ ಸುರುಳಿ ತಿರುಗುವ ಎರಡು ಹಳೇ ಟೇಪ್ ಮಶೀನು. ವಾಗ್ಳೆ ಎಸ್ಟೇಟಿನಲ್ಲಿ ಪ್ರಯೋಗಶಾಲೆಗಳಿಗೆ ಮೀಟರು ಮಾಡುವ ಫ್ಯಾಕ್ಟರಿಯಲ್ಲಿ ಅವರು ಮೂವತ್ತು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವರು. ಅಲ್ಲಿಂದ ತಂದ ಆಸಿಲೇಟರುಗಳು ಮೂಲೆಯಲ್ಲಿದ್ದವು. ಗುಬುಟು ತಿರುಗಿಸಿದರೆ ಒಂದೇ ಸ್ವರವನ್ನು ಉಸಿರು ಬಿಡದೆ ಹಿಡಿದು ನಿಲ್ಲುವ ಪೆಟ್ಟಿಗೆ ಅದು. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ. ಅದರಲ್ಲಿ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿದ ಕಂದು ಟೇಪಿನ ತುಂಡುಗಳು, ಗೇಣುದ್ದದ್ದು, ಮೊಳದುದ್ದದ್ದು. ಒಂದೊಂದು ಕ್ಲಿಪ್ಪಿಗೂ ಒಂದು ಚೀಟಿ: ‘ಬಾಗಿಲ’, ‘ಕಾಗಿ’, ‘ಕುಕ್ಕರ, ಎರಡನೇ ಸೀಟಿ’. ನಾವು ಅಂಗಿ ಲಂಗ ಒಣಹಾಕುವ ಹಗ್ಗದಲ್ಲಿ ಈ ಮನುಷ್ಯ ಶಬ್ದ ಒಣಹಾಕಿದ್ದರು.

ಜಗಳಕ್ಕೆಂದು ಹೋದವಳು ಚಹಾ ಕುಡಿದು ಬಂದೆ. ಆಮೇಲೆ ಎಷ್ಟೋ ಆದಿತ್ಯವಾರ ಹೋಗಿ ಕೂತೆ. ಹಿಂದೆಂದೋ ಫ್ಯಾಕ್ಟರಿಗೆ ಮಶೀನು ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರ್ ಒಬ್ಬ ವಾಪಸು ಹೋಗುವಾಗ ಏಳೆಂಟು ರೆಕಾರ್ಡು ಕಾಕಾನ ಕೈಯಲ್ಲಿ ಇಟ್ಟು ಹೋಗಿದ್ದನಂತೆ. ಅವೇ ಅವರ ವೇದ. ಮಹಾಯುದ್ಧ ಮುಗಿದ ಹೊಸದರಲ್ಲಿ ಪ್ಯಾರಿಸ್ಸಿನ ರೇಡಿಯೋದವನೊಬ್ಬ ಸ್ಟೇಷನ್ನಿಗೆ ಹೋಗಿ ಉಗಿಬಂಡಿಗಳ ಸದ್ದು ಹಿಡಿದು ತಂದು, ಅದನ್ನೇ ಹಿಂದುಮುಂದು ಜೋಡಿಸಿ ಸಂಗೀತವೆಂದು ಪ್ರಸಾರ ಮಾಡಿದ ಕಥೆ ಹೇಳಿದರು. ಆಗಿನ್ನೂ ಅವನ ಕೈಗೆ ಟೇಪು ಕೂಡ ಬಂದಿರಲಿಲ್ಲ, ರೆಕಾರ್ಡಿನ ತಟ್ಟೆಯ ಮೇಲೇ ಕೊರೆಯಬೇಕಿತ್ತಂತೆ. ಅದನ್ನು ಕೇಳಿಸಿದಾಗ ನಾನು, “ಇದನ್ನು ನಾನು ದಿನಕ್ಕೆ ಎರಡು ಹೊತ್ತು ಪಾಸ್ ತೆಗೆದು ಕೇಳ್ತೇನೆ ಕಾಕಾ, ಇದಕ್ಕೆ ಫ್ರಾನ್ಸಿಗೆ ಹೋಗಬೇಕಾ?” ಎಂದೆ. ಅವರು ಕೆಮ್ಮು ಬರುವಷ್ಟು ನಕ್ಕರು.

ನಗು ಬಾರದ ರೆಕಾರ್ಡುಗಳೂ ಇದ್ದವು. ಜರ್ಮನಿಯ ಸಂಗೀತಗಾರನೊಬ್ಬ, ಬೈಬಲಿನಲ್ಲಿ ಬರುವ, ಬೆಂಕಿಯ ಕುಲುಮೆಗೆ ಹಾಕಿದರೂ ಸುಡದ ಮಕ್ಕಳ ಸ್ತೋತ್ರವೊಂದನ್ನು ಒಬ್ಬ ಹುಡುಗನಿಂದ ಹಾಡಿಸಿ, ಆ ದನಿಯನ್ನು ಚೂರು ಚೂರು ಮಾಡಿ ಆಸಿಲೇಟರಿನ ಸೀಟಿಗಳ ಒಳಗೆ ಬೆರೆಸಿದ್ದ. ದನಿ ಹತ್ತಿರ ಬರುತ್ತದೆ, ಏನೋ ಹೇಳುತ್ತದೆ ಎನ್ನುವಷ್ಟರಲ್ಲಿ ಮುಳುಗುತ್ತದೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದೆ. “ಇದ್ರ ಮುದುಕ ಆಗಿರಬೇಕವಾ. ಇದರೊಳಗ ಮಾತ್ರ ಇನ್ನೂ ಹನ್ನೆರಡು ವರ್ಷದಾಂವ,” ಎಂದರು. ಇಂಗ್ಲೆಂಡಿನ ಒಂದು ಟೀವಿ ಧಾರಾವಾಹಿಯ ಶುರುವಿನ ಸಂಗೀತವನ್ನು ಒಬ್ಬ ಹೆಂಗಸು ಸ್ವರಕ್ಕೊಂದು ತುಂಡಿನಂತೆ ಟೇಪು ಕತ್ತರಿಸಿ ಅಂಟಿಸಿ ನಿಲ್ಲಿಸಿದಳಂತೆ, ಎಷ್ಟೋ ವರ್ಷ ಪರದೆಯ ಮೇಲೆ ಅವಳ ಹೆಸರೇ ಬರಲಿಲ್ಲವಂತೆ. ಬೇರೆಯವರ ಪತ್ರ ಟೈಪು ಮಾಡುತ್ತಲೇ ವಯಸ್ಸು ಕಳೆದ ನನಗೆ ಅವಳ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು. ಅಮೆರಿಕದ ಗಂಡಹೆಂಡತಿ ಒಂದು ಸಿನಿಮಾಕ್ಕಾಗಿ ಸರ್ಕಿಟ್ಟು ಕಟ್ಟಿ, ಅದಕ್ಕೆ ತಾಳಲಾರದಷ್ಟು ಕರೆಂಟು ಕೊಟ್ಟು, ಅದು ಸುಟ್ಟುಹೋಗುವಾಗಿನ ಕೂಗನ್ನು ಹಿಡಿದಿಟ್ಟದ್ದೂ ಉಂಟಂತೆ. “ಒಮ್ಮೆ ಸತ್ತ ಸರ್ಕೀಟು ಅದ ಕೂಗು ಮತ್ತ ಕೂಗೂದಿಲ್ಲ. ಟೇಪಿನಾಗ ಇದ್ದದ್ದ ಖರೆ,” ಎಂದು ಕಾಕಾ ರೆಕಾರ್ಡನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದರು.

ಅಮ್ಮ ತೀರಿಹೋದದ್ದು ಆ ಸುಮಾರಿಗೆ, ಎರಡು ಸಾವಿರದ ನಾಲ್ಕೋ ಐದೋ. ದಮ್ಮಿನ ಕಾಯಿಲೆ. ಮರುವರ್ಷ ನನ್ನ ತಮ್ಮ ಖಾರಘರದಲ್ಲಿ ಫ್ಲ್ಯಾಟು ತೆಗೆದುಕೊಂಡ. ಹೊಸಿಲು ದಾಟುವಾಗ ಅಮ್ಮನ ಹಾಡೇ ಕೇಳಬೇಕು ಎಂಬುದು ಅವನ ಹಟ. ಅಮ್ಮನ ದನಿ ನಮ್ಮ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಒಂದು ಬೇಸಿಗೆ ನಾನು ಊರಿಗೆ ಹೋಗಿದ್ದಾಗ ಅವನೇ ರೆಕಾರ್ಡ್ ಮಾಡಿದ್ದು. ಹಾಡು ಚೆನ್ನಾಗಿತ್ತು, ಆದರೆ ಎರಡು ಸಾಲಿಗೊಮ್ಮೆ ಕೆಮ್ಮು, ನಡುವೆ ಬಳೆ ಸದ್ದು, ಕುಕ್ಕರ್, ನಾಯಿ, ನಮ್ಮ ಮಾತು. ಮದುವೆ ಮನೆಯಲ್ಲಿ ಹಾಡುತ್ತಿದ್ದ ಅಮ್ಮ ನೆಂಟರ ಮುಂದೆ ಕೆಮ್ಮುತ್ತ ಬರುವುದು ಬೇಡವೆನಿಸಿತು. ಕ್ಯಾಸೆಟ್ಟು ಕಾಕಾನಿಗೆ ಕೊಟ್ಟು, “ಹಾಡು ಬಿಟ್ಟು ಉಳಿದದ್ದು ಎಲ್ಲ ತೆಗೆದುಬಿಡಿ,” ಎಂದೆ.

ಅವರು ಪೂರ್ತಿ ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಹೇಳಿದರು, “ಇದನ್ನ ತಗದ್ರ ಹಾಡು ಉಳೀತದ ತಂಗಿ. ಆಕಿ ಉಳಿಯೂದಿಲ್ಲ.”

ನನಗೆ ರೇಗಿತು. “ನಿಮಗೆ ಶಬ್ದದ ಹುಚ್ಚು ಕಾಕಾ. ನಮಗೆ ಹಾಡು ಸಾಕು.”

ಅವರು ಕ್ಯಾಸೆಟ್ಟಿನಲ್ಲಿದ್ದದ್ದನ್ನು ದೊಡ್ಡ ಸುರುಳಿಗೆ ಇಳಿಸಿಕೊಂಡು, ಹಿತ್ತಾಳೆಯ ಅಚ್ಚಿನಲ್ಲಿ ಟೇಪನ್ನು ಓರೆಯಾಗಿ ಇಟ್ಟು, ಬ್ಲೇಡಿನಿಂದ ಕತ್ತರಿಸುತ್ತ ವಾರಗಟ್ಟಲೆ ಕೂತರು. ಹೊಸ ಟೇಪು ಅವರಿಗೆ ಸೇರುತ್ತಿರಲಿಲ್ಲ. ಫ್ಯಾಕ್ಟರಿಯ ಹಳೇ ಸ್ಟಾಕಿನದ್ದೇ ಬೇಕು. ಹೊಸದು ಎಳೆದರೆ ರಬ್ಬರಿನಂತೆ ಉದ್ದವಾಗಿ ಶಬ್ದ ಕೆಡುತ್ತದೆ, ಹಳೇದು ಹರಿದರೆ ಚೊಕ್ಕವಾಗಿ ಹರಿಯುತ್ತದೆ, ತಿರುಗಿ ಅಂಟಿಸಬಹುದು ಎನ್ನುತ್ತಿದ್ದರು. ಒಂದು ಸಂಜೆ ಪಲ್ಯ ಕೊಡಲು ಹೋದಾಗ ಹಗ್ಗದ ಮೇಲೆ ಹೊಸ ಚೀಟಿಗಳು ಕಂಡವು: ‘ಕೆಮ್ಮು ೧’, ‘ಕೆಮ್ಮು ೨’, ‘ಬಳಿ’, ‘ಉಸಿರು’... ಹನ್ನೊಂದೋ ಹನ್ನೆರಡೋ ಕೆಮ್ಮು. ಫ್ಯಾನಿನ ಗಾಳಿಗೆ ಅವು ಮೆಲ್ಲಗೆ ಅಲ್ಲಾಡುತ್ತಿದ್ದವು. ನಾನು ಪಾತ್ರೆ ಇಟ್ಟು ಅಲ್ಲಿ ನಿಲ್ಲದೆ ಬಂದೆ.

ಹಾಡಷ್ಟನ್ನೇ ಉಳಿಸಿ ಕಾಕಾ ಒಂದು ಸಿ.ಡಿ. ಮಾಡಿಸಿ ಕೊಟ್ಟರು. ಖಾರಘರದಲ್ಲಿ ಹಾಕಿದರು. ಎಲ್ಲರೂ ಮೆಚ್ಚಿದರು, ತಮ್ಮನ ಹೆಂಡತಿ ಕಣ್ಣು ಒರೆಸಿಕೊಂಡಳು. ನನಗೆ ಮಾತ್ರ ಯಾರೋ ಬೇರೆ ಹೆಂಗಸು, ಆರೋಗ್ಯವಾಗಿರುವವಳು, ಹಾಡುತ್ತಿದ್ದಾಳೆ ಅನ್ನಿಸಿತು. ಊಟದ ಗಡಿಬಿಡಿಯಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ.

ಕಾಕಾ ಮಾಡಿದ ಕೆಲಸಕ್ಕೆ ಒಂದು ಪೈಸೆ ಮುಟ್ಟಲಿಲ್ಲ. ಅವರಿಗೆ ಬೇಕಾದದ್ದು ಬೇರೆಯೇ. ಬೆಳಗಿನ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಾದಲ್ಲಿ ನಮ್ಮ ಹೆಂಗಸರ ಭಜನಾ ಮಂಡಳಿ ಇತ್ತು. ತಾಳ ಹಿಡಿದು ಡೊಂಬಿವಲಿಯಿಂದಲೇ ಶುರು ಮಾಡುತ್ತಿದ್ದರು. ಗಾಡಿ ಕಳವಾಕ್ಕಿಂತ ಮೊದಲು ಪಾರಸಿಕ್ ಸುರಂಗದೊಳಗೆ ನುಗ್ಗಿದಾಗ ಭಜನೆ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಗಂಡಸರಾದ ಅವರು ಆ ಡಬ್ಬಾ ಹತ್ತುವ ಹಾಗಿಲ್ಲ. “ಅದೊಂದು ನನಗ ಹಿಡದು ತಂದು ಕೊಡವಾ. ಆ ಪ್ಯಾರಿಸ್ಸಿನಾಂವಗೂ ಅದು ಸಿಕ್ಕಿಲ್ಲ,” ಎಂದು ತಮ್ಮ ಸಣ್ಣ ರೆಕಾರ್ಡರನ್ನೂ ಒಂದು ಹೊಸ ಕ್ಯಾಸೆಟ್ಟನ್ನೂ ಕೊಟ್ಟರು. ಅಮ್ಮನ ಕ್ಯಾಸೆಟ್ಟನ್ನೂ ಅದರ ಜೊತೆಗೇ ಹಿಂತಿರುಗಿಸಿದರು.

ಹೊಸ ಕ್ಯಾಸೆಟ್ಟಿನಲ್ಲಿ ಮಗಳು ರೇಡಿಯೋದ ಹಾಡು ತುಂಬಿಸಿಬಿಟ್ಟಿದ್ದಳು. ಗೊತ್ತಾದದ್ದು ಬೆಳಿಗ್ಗೆ ಹೊರಡುವಾಗ. ಅದನ್ನು ಅಳಿಸಿದರೆ ಅವಳು ರಂಪ ಮಾಡುತ್ತಿದ್ದಳು. ಒಂದು ದಿನ ಮುಂದೂಡಿದ್ದರೆ ಏನು ಗಂಟು ಹೋಗುತ್ತಿತ್ತು? ನನಗೆ ಹಿಡಿದ ಕೆಲಸ ಮುಗಿಸುವ ಚಟ. ಮೇಲೆ ಮತ್ತೆ ರೆಕಾರ್ಡ್ ಆಗಬಾರದೆಂದು ನನ್ನ ತಮ್ಮ ಹಿಂದೆಯೇ ಅಮ್ಮನ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದ. ನಾನು ಆ ತೂತುಗಳಿಗೆ ಸೆಲೊಟೇಪ್ ಅಂಟಿಸಿ, ಅದರ ಮೇಲೆಯೇ ಭಜನೆ ರೆಕಾರ್ಡ್ ಆಗುವ ಹಾಗೆ ಮಾಡಿದೆ. ಹೇಗೂ ಸಿ.ಡಿ. ಉಂಟಲ್ಲ, ಇನ್ನು ಈ ಕ್ಯಾಸೆಟ್ಟು ಯಾರಿಗೆ ಬೇಕು ಎಂದುಕೊಂಡೆ. ಹಲ್ಲಿನಿಂದ ಕಚ್ಚಿ ಸೆಲೊಟೇಪ್ ತುಂಡರಿಸಿದ್ದು ಇವತ್ತಿಗೂ ಬಾಯಿಗೆ ನೆನಪಿದೆ.

ಕಾಕಾ ಕ್ಯಾಸೆಟ್ಟು ಹಾಕಿ ಕೂತರು. ಭಜನೆ, ಗಾಲಿ, ಸುರಂಗ. ಸುರಂಗ ಬಂದಾಗ ಅವರ ಮುಖ ಮಗುವಿನದ್ದಾಯಿತು. ಠಾಣೆ ಬಂದು ನಾನು ಆಫ್ ಮಾಡಿದ ಕಡೆ ಟಕ್ ಎಂದಿತು. ಅದರ ಹಿಂದೆಯೇ ಅಮ್ಮನ ರೆಕಾರ್ಡಿಂಗಿನ ಕೊನೆಯ ತುಣುಕು, ಒಂದು ಬಳೆ ಸದ್ದಿನಷ್ಟು. ಕಾಕಾ ಕ್ಯಾಸೆಟ್ಟು ತೆಗೆದು ಬೆನ್ನು ನೋಡಿದರು, ಸೆಲೊಟೇಪಿನ ಮೇಲೆ ಬೆರಳಾಡಿಸಿದರು.

“ಇದು ನಿಮ್ಮ ಅವ್ವಂದಲ್ಲೇನು?”

“ಸಿ.ಡಿ. ಉಂಟಲ್ಲ ಕಾಕಾ.”

“ಹಂಗಾದ್ರ ಆಕಿ ಇನ್ನ ನನ್ನ ಹಗ್ಗದ ಮ್ಯಾಲಷ್ಟ ಇದ್ದಾಳ,” ಎಂದರು. ನಾನು ಮಾಡಿದ್ದು ಏನೆಂದು ಆಗ ಗೊತ್ತಾಯಿತು. ಆದರೂ ತೋರಿಸಿಕೊಳ್ಳದೆ ಎದ್ದು ಬಂದೆ.

ಎರಡು ತಿಂಗಳಾದ ಮೇಲೆ ಬಾಗಿಲಿಗೆ ಬಂದು, “ಸುರಂಗದ್ದು ಮುಗೀತವಾ. ಆದಿತ್ಯವಾರ ಬಾ ಕೇಳಾಕ,” ಎಂದರು. ನೆಂಟರಿದ್ದಾರೆ ಎಂದೆ. ಮರುವಾರ ತಲೆನೋವು ಎಂದೆ. ಅದರ ಮರುವಾರ ಚೌತಿ ಬಂತು, ನನಗೆ ಒಳ್ಳೆಯ ನೆವ ಸಿಕ್ಕಿತು. ನಿಜ ಏನೆಂದರೆ ನನಗೆ ಹೆದರಿಕೆ. ಕೈಯಾರೆ ಅಳಿಸಿದ್ದನ್ನು ಇನ್ನೊಬ್ಬರ ಮನೆಯಲ್ಲಿ ಕೂತು ಕೇಳುವ ಧೈರ್ಯ ನನ್ನಲ್ಲಿರಲಿಲ್ಲ.

ಒಂದು ಆದಿತ್ಯವಾರ ನಾಲ್ಕು ಗಂಟೆಗೆ ಹಾಸಿಗೆಯ ಮೇಲೆ ಬಟ್ಟೆ ಮಡಚುತ್ತಿದ್ದೆ. ಕಿಟಕಿಯಲ್ಲಿ ಬಿಸಿಲು ಢಾಳಾಗಿತ್ತು. ಗೋಡೆಯ ಆಚೆ ಗಾಡಿ ಬಂದ ಸದ್ದು, ತಾಳ, ಸುರಂಗ... ಎಲ್ಲ ಮೆಲ್ಲಗೆ ಕರಗಿ ನಿಂತಿತು. ಆಮೇಲೆ ಅಮ್ಮ ಕೆಮ್ಮಿದಳು.

ಪಕ್ಕದ ಕೋಣೆಯಲ್ಲಿ ಇದ್ದ ಹಾಗೆ. ಅದೇ ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು, ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ನಾನು “ಅಮ್ಮಾ, ನೀರು ತರಲಾ?” ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಬರಿಗಾಲಿನಲ್ಲಿ ಓಡಿ ಹೋಗಿ ಅವರ ಬಾಗಿಲು ಬಡಿದೆ.

“ನಿಲ್ಲಿಸಿ ಕಾಕಾ. ನನ್ನ ಅಮ್ಮನ ಕೆಮ್ಮು ನಿಮಗೆ ಆಟದ ಸಾಮಾನಲ್ಲ. ಇನ್ನೊಮ್ಮೆ ಅದನ್ನು ಹಾಕಬೇಡಿ.”

“ಇನ್ನೊಂದ ಸೊಲ್ಪ ಮುಂದ ಅದ ತಂಗಿ. ಅಷ್ಟು ಕೇಳಿ ಹೋಗು.”

“ನನಗೆ ಬೇಡ,” ಎಂದೆ.

ಅವರು ಹೋಗಿ ಮಶೀನು ನಿಲ್ಲಿಸಿದರು. ಸುರುಳಿ ನಿಲ್ಲುವವರೆಗೆ ನಾನು ಬಾಗಿಲಲ್ಲೇ ನಿಂತು ಕಾದೆ, ಅಷ್ಟು ಕೆಟ್ಟವಳು ನಾನು. ಅದಾದ ಮೇಲೆ ಆ ಗೋಡೆ ಮಾತಾಡಲಿಲ್ಲ. ಕೆಮ್ಮು ಹೋಗಲಿ, ಆಸಿಲೇಟರಿನ ಸೀಟಿಯೂ ಇಲ್ಲ, ಪ್ಯಾರಿಸ್ಸಿನ ರೈಲೂ ಇಲ್ಲ. ಕೆಳಗಿನ ಅಜ್ಜಿ ದೆವ್ವ ಹೋಯಿತೆಂದು ತೆಂಗಿನಕಾಯಿ ಒಡೆದಳು. ಸಾರಿನ ಪಾತ್ರೆ ಅತ್ತಿತ್ತ ಹೋಗುತ್ತಲೇ ಇತ್ತು, ಕಾಕಾ ಮೆಟ್ಟಿಲಲ್ಲಿ ಕಂಡರೆ “ಆರಾಮೇನವಾ?” ಎನ್ನುತ್ತಲೇ ಇದ್ದರು. ಆದಿತ್ಯವಾರ ನಾಲ್ಕಾದರೆ ನಾನು ಕಿವಿ ಕೊಟ್ಟು ಕೂರುತ್ತಿದ್ದೆ. ಹೋಗಿ ಒಂದು ಮಾತು, ಹಾಕಿ ಕಾಕಾ ಎಂದು ಹೇಳಬಹುದಿತ್ತು. ಮೂರು ವರ್ಷ ಹೇಳಲಿಲ್ಲ...

ಮೂರನೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದರು. ಆಸ್ಪತ್ರೆಯಲ್ಲಿ ಎರಡೇ ದಿನ. ಪುಣೆಯ ಮಗಳು ಬಂದು ಮನೆ ಖಾಲಿ ಮಾಡಿದಳು. ಮಶೀನು, ಸುರುಳಿ, ರೆಕಾರ್ಡು ಎಲ್ಲ ಉಲ್ಹಾಸನಗರದ ಭಂಗಾರದವನ, ಅಂದರೆ ಗುಜರಿಯವನ, ಟೆಂಪೋ ಹತ್ತಿದವು. ಹೋಗುವ ಮುಂಚೆ ಒಂದು ಚಪ್ಪಟೆ ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟಳು. ಮುಚ್ಚಳದ ಮೇಲೆ ಕಾಕಾನ ಅಕ್ಷರ: ‘ಸುರಂಗ. ಮಗ್ಗಲ ಮನಿ ತಂಗಿಗೆ. ಆಕಿ ಕೇಳಿದಾಗ ಕೊಡೂದು.’

ನಾನು ಕೇಳಿರಲೇ ಇಲ್ಲ. ತೆಗೆದುಕೊಂಡೆ, ಅಟ್ಟದ ಮೇಲೆ ಹಾಕಿದೆ.

ಐರೋಲಿಗೆ ಮನೆ ಬದಲಿಸುವಾಗ ಡಬ್ಬಿ ಕೆಳಗಿಳಿಯಿತು. ಮುಚ್ಚಳ ತೆಗೆದರೆ ಗಪ್ಪೆಂದು ಹುಳಿ ವಾಸನೆ, ಉಪ್ಪಿನಕಾಯಿ ಭರಣಿ ಕೆಟ್ಟ ಹಾಗೆ. ಟೇಪು ಸುಕ್ಕುಗಟ್ಟಿ ಒಣಗಿದ ಬಾಳೆನಾರಿನಂತೆ ಮುರುಟಿತ್ತು. ಠಾಣೆಯಲ್ಲಿ ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವ ಮರಾಠಿ ಮನುಷ್ಯನೊಬ್ಬನ ಹತ್ತಿರ ಒಯ್ದೆ. ಅವನು ಮೂಸಿ ನೋಡಿಯೇ ತಲೆಯಾಡಿಸಿದ. ಇಂಥ ಹಳೇ ಟೇಪು ಒಳಗಿಂದಲೇ ವಿನೆಗರ್ ಆಗಿ ಕೊಳೆಯುತ್ತದೆ, ಆಗಲೇ ಬಂದಿದ್ದರೆ ಉಳಿಸಬಹುದಿತ್ತು ಎಂದ. ಚೊಕ್ಕ ಹರಿಯುತ್ತದೆಂದು ಕಾಕಾ ಪ್ರೀತಿಯಿಂದ ಆರಿಸಿದ ಟೇಪೇ ಅದನ್ನು ತಿಂದುಹಾಕಿತ್ತು. ಒಂದು ತಿಂಗಳ ಮೇಲೆ ಅವನು ಫೋನ್ ಮಾಡಿದ. ತೀರಾ ಒಳಸುತ್ತಿನ ಒಂದು ತುಂಡು, ಅಂದರೆ ಕೊನೆಯ ಭಾಗ, ಅರ್ಧ ನಿಮಿಷವೂ ಇಲ್ಲ, ಅಷ್ಟು ಸಿಕ್ಕಿದೆ ಎಂದ. ಉಳಿದದ್ದೆಲ್ಲ ಮುಟ್ಟಿದರೆ ಪುಡಿ.

ಅವನ ಅಂಗಡಿಯಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸುರಂಗದ ಕೊನೆಯ ಗುಂಯ್, ಅದು ಆರಿ ನಿಶ್ಶಬ್ದ. ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು. ಗಂಟಲು ಸರಿಮಾಡಿಕೊಂಡದ್ದು. ಅವತ್ತು ನಾನು ಬಾಗಿಲಿಗೆ ಓಡಿದ್ದು ಇಷ್ಟು ಕೇಳಿ. ಅದರ ಸೊಲ್ಪ ಮುಂದೆ ಒಬ್ಬ ಹುಡುಗಿ ಸಿಡುಕಿದಳು: “ಕೆಮ್ಬೇಡ ಅಮ್ಮಾ, ಪೂರಾ ಹಾಳಾತ್ತ್.”

ಅದು ನನ್ನದೇ ದನಿ. ಮದುವೆಯಾದ ಹೊಸದರ ದನಿ. ಪ್ರತಿ ಸಲ ಹಾಡು ಮುಗಿದೊಡನೆ ಕ್ಯಾಸೆಟ್ಟು ನಿಲ್ಲಿಸುತ್ತಿದ್ದವಳಿಗೆ ಅದು ಅಲ್ಲಿದ್ದದ್ದೇ ಮರೆತುಹೋಗಿತ್ತು. ಅದಕ್ಕೆ ಅಮ್ಮನ ಉತ್ತರ, ಉಸಿರು ಎಳೆದುಕೊಂಡು, ತಪ್ಪು ಮಾಡಿದವಳ ಹಾಗೆ: “ಆಯ್ತ್ ಮಗಾ. ಇನ್ನ್ ಕೆಮ್ಮುದಿಲ್ಲೆ.” ಒಂದು ಬಳೆ ಸದ್ದು. ಮುಗಿಯಿತು.

ಇದನ್ನು ಕಾಕಾ ಎಷ್ಟು ಸಲ ಕೇಳಿರಬೇಕು. ಎಲ್ಲ ಗೊತ್ತಿದ್ದೂ ಅವರು ನನಗೆ ಅಂದದ್ದು, ಅಷ್ಟು ಕೇಳಿ ಹೋಗು ಎಂದು ಮಾತ್ರ.

ಕಳೆದ ಆದಿತ್ಯವಾರ ಕೆಟಲು ತೊಳೆದು ಕವುಚಿಟ್ಟು ಗಡಿಯಾರ ನೋಡಿದೆ. ನಾಲ್ಕಾಗಿತ್ತು. ಈಗಿನ ಮನೆಯ ಗೋಡೆಯ ಆಚೆ ಯಾರದೋ ಟೀವಿ. ಫೋನಿನಲ್ಲಿ ಆ ಅರ್ಧ ನಿಮಿಷ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಂತು ಪೂರ್ತಿ ಕೇಳಿದೆ. “ಕೇಳಿದೆ ಕಾಕಾ,” ಎಂದೆ. ಮಗಳು ಬಂದು, ಯಾರ ಹತ್ತಿರ ಮಾತಾಡುತ್ತಿದ್ದೀ ಎನ್ನುವಂತೆ ನನ್ನ ಮುಖ ನೋಡಿದಳು. ಆ ಸಿ.ಡಿ. ಈಗಲೂ ಕಪಾಟಿನಲ್ಲಿದೆ. ಅದರಲ್ಲಿ ಅಮ್ಮ ಒಮ್ಮೆಯೂ ಕೆಮ್ಮುವುದಿಲ್ಲ. ನನಗೆ ಕೊಟ್ಟ ಮಾತಿನಂತೆಯೇ ಇದ್ದಾಳೆ.